ಎಗ್ ರೋಲ್ ಹಾಳೆ: ಕೊಂಡರೆ ತಪ್ಪೇ?

ಪ್ರಶ್ನೆ: ಅಮೆರಿಕದ ಅಂಗಡಿಗಳಲ್ಲಿ ಸಿಗುವ ಸಿದ್ಧ ಹಾಳೆಯಲ್ಲಿ ಹೂರಣ ಸುತ್ತಿ, ಕರಿದು ಎಗ್ ರೋಲ್ ಮಾಡಿದರೆ ಅದನ್ನು ಮನೆಯಡುಗೆ ಎನ್ನಬಹುದೇ?

ಉತ್ತರ: ಖಂಡಿತ ಎನ್ನಬಹುದು. ಹಾಳೆಯಲ್ಲಿರುವುದು ಮುಖ್ಯವಾಗಿ ಮೈದಾ, ನೀರು, ಉಪ್ಪು, ಮೊಟ್ಟೆ. ಅಂಟದಿರಲೆಂದು ಮೇಲೆ ಮೆಕ್ಕೆಜೋಳದ ಪಿಷ್ಟದ ಪುಡಿ. ಕಷ್ಟವಿರುವುದು ಲಟ್ಟಿಸುವುದರಲ್ಲಿ. ಗಟ್ಟಿಯಾಗಿ ನಾದಿದ ಮೈದಾದಲ್ಲಿ ಗ್ಲುಟೆನ್ ಬಿಗಿಯುತ್ತದೆ, ಲಟ್ಟಿಸಿದಷ್ಟೂ ಹಿಂದಕ್ಕೆ ಕುಗ್ಗುತ್ತದೆ. ಹಾಳೆ ಒಂದು ಕಡೆ ದಪ್ಪ, ಒಂದು ಕಡೆ ತೆಳುವಾದರೆ ಕರಿಯುವಾಗ ತೆಳು ಭಾಗ ಸೀದು, ದಪ್ಪ ಭಾಗ ಹಸಿಯಾಗಿಯೇ ಉಳಿಯುತ್ತದೆ. ಯಂತ್ರದ ಉರುಳೆಗಳು ಈ ಸಮತೆಯನ್ನು ಸುಲಭವಾಗಿ ಸಾಧಿಸುತ್ತವೆ. ರುಚಿ ಬರುವುದು ಹೂರಣದಿಂದ: ಎಲೆಕೋಸನ್ನು ಎಷ್ಟು ಬಾಡಿಸಿದಿರಿ, ನೀರನ್ನು ಎಷ್ಟು ಹಿಂಡಿದಿರಿ, ತಣಿದ ಮೇಲೆ ಸುತ್ತಿದಿರೋ ಇಲ್ಲವೋ ಎಂಬುದರಿಂದ. ಅದೆಲ್ಲ ನಿಮ್ಮ ಕೈಯಲ್ಲೇ ಇದೆ. ಶಾವಿಗೆಯನ್ನು ಅಂಗಡಿಯಿಂದ ತಂದವರ ಪಾಯಸವನ್ನು ಯಾರೂ ಹೊರಗಿನದು ಎನ್ನುವುದಿಲ್ಲವಲ್ಲ!

ಸಂರಕ್ಷಕಗಳಿರುತ್ತವೆ ಎಂಬ ಆಕ್ಷೇಪ ಸುಳ್ಳಲ್ಲ. ಕೆಲವು ಪೊಟ್ಟಣಗಳಲ್ಲಿ ಸೋಡಿಯಂ ಬೆಂಜೋಯೇಟ್ ಇರುತ್ತದೆ. ಆದರೆ ಕರಿದ ತಿಂಡಿಯಲ್ಲಿ ನಾನು ಹೆಚ್ಚು ಚಿಂತಿಸುವುದು ಎಣ್ಣೆ ಮತ್ತು ಮೈದಾದ ಬಗ್ಗೆ, ಮನೆಯ ಹಾಳೆಯಿಂದ ಅವೆರಡೂ ಕಡಿಮೆಯಾಗುವುದಿಲ್ಲ. ಮೊಟ್ಟೆಯ ಮಾತು ಬೇರೆ. ಅಮೆರಿಕದ ಕನ್ನಡಿಗರು ಇದೇ ಹಾಳೆಯನ್ನು ಸಮೋಸಕ್ಕೂ ಬಳಸುವುದುಂಟು; ಭಾರತದಂತೆ ಸಸ್ಯಾಹಾರದ ಹಸಿರು ಗುರುತು ಅಲ್ಲಿ ಕಡ್ಡಾಯವಲ್ಲ. ಮೊಟ್ಟೆ ತಿನ್ನದವರು ಪದಾರ್ಥಗಳ ಪಟ್ಟಿಯನ್ನು ಓದಿಯೇ ಕೊಳ್ಳಿ, ಇಲ್ಲವೇ ಮೊಟ್ಟೆಯಿಲ್ಲದ ಸ್ಪ್ರಿಂಗ್ ರೋಲ್ ಹಾಳೆಯನ್ನು ಹುಡುಕಿ. ಪೊಟ್ಟಣ ಒಡೆದ ಮೇಲೆ ಹಾಳೆಗಳ ಮೇಲೆ ಒದ್ದೆ ಬಟ್ಟೆ ಹೊದಿಸಿಡಿ. ಒಣಗಿದ ಅಂಚು ಮಡಿಸುವಾಗ ಸೀಳುತ್ತದೆ.