ತಡವಾಗಿ ಬಂದ ಆವಿ ಒಪ್ಪಿಸುವ ಲೆಕ್ಕ

ಥರ್ಮೋಕೋಲ್ ತುಂಡಿನ ಮೇಲೆ ನಾಲ್ಕು ಹನಿ ಅಸಿಟೋನ್ ಬಿಟ್ಟರೆ ಅದು ನೋಡನೋಡುತ್ತಿದ್ದಂತೆ ಕುಸಿದು ಅಂಟು ಮುದ್ದೆಯಾಗುತ್ತದೆ. ಅದೇ ತುಂಡು ಕೆರೆಯ ನೀರಿನಲ್ಲಿ ವರ್ಷವಿಡೀ ತೇಲುತ್ತಿದ್ದರೂ ಕರಗುವುದಿಲ್ಲ. ಪಾಲಿಮರ್ ಮತ್ತು ದ್ರಾವಕಗಳ ಸಂಬಂಧದಲ್ಲಿ ಈ ಎರಡು ತುದಿಗಳನ್ನು ತಿಳಿಯಲು ಯಾವ ಉಪಕರಣವೂ ಬೇಡ. ತೊಡಕಿರುವುದು ನಡುವಿನ ಪ್ರದೇಶದಲ್ಲಿ. ಪೆಟ್ರೋಲ್ ಹರಿಯುವ ರಬ್ಬರ್ ಪೈಪು ಕರಗುವುದಿಲ್ಲ, ಉಬ್ಬುತ್ತದೆ. ಮರಕ್ಕೆ ಹೊಡೆದ ವಾರ್ನಿಶ್ ಮುಟ್ಟಿದರೆ ಒಣಗಿದಂತಿದ್ದರೂ ಎಷ್ಟೋ ದಿನ ವಾಸನೆ ಬಿಡುತ್ತಲೇ ಇರುತ್ತದೆ. ಕಿತ್ತಳೆ ರಸಕ್ಕೆ ಪರಿಮಳ ಕೊಡುವ ಲಿಮೊನೀನ್ ಎಂಬ ದ್ರವ್ಯ ಪೊಟ್ಟಣದ ಒಳಮೈಯ ಪಾಲಿಥೀನ್ ಪದರಕ್ಕೆ ಇಳಿದುಬಿಡುತ್ತದೆ, ರಸ ಸಪ್ಪೆಯಾಗುತ್ತದೆ. ಇಲ್ಲೆಲ್ಲ ಕೇಳಬೇಕಾದದ್ದು ಕರಗುತ್ತದೆಯೇ ಇಲ್ಲವೇ ಎಂದಲ್ಲ, ಒಂದಕ್ಕೊಂದು ಎಷ್ಟರಮಟ್ಟಿಗೆ ಒಗ್ಗುತ್ತವೆ ಎಂದು. ಆ ‘ಎಷ್ಟು’ ಎಂಬುದನ್ನು ಅಳೆಯಲು ಗ್ಯಾಸ್ ಕ್ರೊಮಟೋಗ್ರಫಿಯನ್ನು ತಲೆಕೆಳಗು ಮಾಡಿಕೊಂಡ ಒಂದು ವಿಧಾನವಿದೆ. ಅದರಲ್ಲಿ ಬಳಸುವ ದ್ರಾವಕ ಇಲ್ಲವೆನ್ನುವಷ್ಟು ಕಡಿಮೆ. ಅದನ್ನೇ ಅದರ ದೋಷವೆಂದು ಎಣಿಸುವವರಿದ್ದಾರೆ. ಆ ವಿಧಾನದ ಬಲವಿರುವುದು ಅಲ್ಲಿಯೇ ಎಂಬುದು ಈ ಬರಹದ ವಾದ.

ಒಗ್ಗುವಿಕೆಗೆ ಒಂದು ಸಂಖ್ಯೆ ಕೊಡಬಹುದೆಂದು ತೋರಿಸಿದವರು ಪಾಲ್ ಫ್ಲೋರಿ ಮತ್ತು ಮಾರಿಸ್ ಹಗ್ಗಿನ್ಸ್. ಅಮೆರಿಕದ ಈ ಇಬ್ಬರು 1941–42ರ ಸುಮಾರಿಗೆ, ಒಬ್ಬರನ್ನೊಬ್ಬರು ಅವಲಂಬಿಸದೆ, ಉದ್ದ ಸರಪಳಿಯಂಥ ಅಣುಗಳು ಪುಟ್ಟ ಅಣುಗಳ ಜೊತೆ ಬೆರೆಯುವುದರ ಗಣಿತವನ್ನು ಕಟ್ಟಿದರು. ಫ್ಲೋರಿಗೆ 1974ರಲ್ಲಿ ನೊಬೆಲ್ ಬಹುಮಾನವೂ ಬಂತು. ಅವರ ಸಿದ್ಧಾಂತದಲ್ಲಿ ಪ್ರತಿ ಪಾಲಿಮರ್–ದ್ರಾವಕ ಜೋಡಿಗೂ ಒಂದು ಸಂಖ್ಯೆಯುಂಟು. ಬಹಳ ಉದ್ದ ಸರಪಳಿಗಳ ಪಾಲಿಮರಿಗೆ 0.5 ಎಂಬುದು ಗಡಿ. ಸಂಖ್ಯೆ ಅದಕ್ಕಿಂತ ಕಡಿಮೆಯಿದ್ದರೆ ದ್ರಾವಕ ಒಳ್ಳೆಯದು, ಹೆಚ್ಚಿದ್ದರೆ ಕಳಪೆ. ನೈಸರ್ಗಿಕ ರಬ್ಬರ್ ಮತ್ತು ಟಾಲ್ವೀನ್ ಜೋಡಿಗೆ ಅದು ಸುಮಾರು 0.4, ಹಾಗಾಗಿ ಟಾಲ್ವೀನಿನಲ್ಲಿ ಹಸಿ ರಬ್ಬರ್ ಕರಗುತ್ತದೆ, ಗಂಧಕ ಹಾಕಿ ಹದಮಾಡಿದ ರಬ್ಬರ್ ಉಬ್ಬುತ್ತದೆ. ಸಿದ್ಧಾಂತ ಸಿಕ್ಕಿತು, ಅಳೆಯುವುದು ಮಾತ್ರ ಹರಸಾಹಸವಾಗಿಯೇ ಉಳಿಯಿತು. ಹಳೆಯ ಕ್ರಮದಲ್ಲಿ ಪಾಲಿಮರಿನ ತುಣುಕನ್ನು ಸೂಕ್ಷ್ಮ ಕ್ವಾರ್ಟ್ಜ್ ಸ್ಪ್ರಿಂಗಿಗೆ ತೂಗುಹಾಕಿ, ಸುತ್ತ ದ್ರಾವಕದ ಆವಿ ತುಂಬಿ, ತೂಕ ಏರುವುದನ್ನು ಕಾಯಬೇಕಿತ್ತು. ದಪ್ಪ ಪಾಲಿಮರಿನೊಳಗೆ ಆವಿ ತೆವಳುವುದೇ ನಿಧಾನ. ತೂಕ ಒಂದು ಕಡೆ ನಿಲ್ಲಲು ದಿನಗಳೇ ಬೇಕು. ಹತ್ತು ದ್ರಾವಕ, ಐದು ಉಷ್ಣತೆ ಎಂದರೆ ಒಬ್ಬ ವಿದ್ಯಾರ್ಥಿಯ ಸಂಶೋಧನೆಯ ಬಹುಪಾಲು ಕಾಲ ಅದರಲ್ಲೇ ಮುಗಿದಂತೆ.

ಈ ಹೊತ್ತಿಗೆ ಬೇರೊಂದು ಕೆಲಸಕ್ಕಾಗಿ ಒಂದು ಉಪಕರಣ ಸಿದ್ಧವಾಗಿತ್ತು. ಆವಿಗಳನ್ನು ಒಂದು ದ್ರವದ ಲೇಪದ ಮೇಲೆ ಹಾಯಿಸಿ ಬೇರ್ಪಡಿಸಬಹುದೆಂಬ ಸೂಚನೆಯನ್ನು ಇಂಗ್ಲೆಂಡಿನ ಆರ್ಚರ್ ಮಾರ್ಟಿನ್ ಮತ್ತು ರಿಚರ್ಡ್ ಸಿಂಜ್ 1941ರಲ್ಲೇ ಕೊಟ್ಟಿದ್ದರು. ಅದನ್ನು ಮಾಡಿ ತೋರಿಸಿದ ಜೇಮ್ಸ್ ಮತ್ತು ಮಾರ್ಟಿನ್ ಅವರ ಪ್ರಬಂಧ ಬಂದದ್ದು 1952ರಲ್ಲಿ. ಸಾಮಾನ್ಯ ಗ್ಯಾಸ್ ಕ್ರೊಮಟೋಗ್ರಫಿಯಲ್ಲಿ ಕೊಳವೆಯೊಳಗಿನ ಲೇಪ ಏನೆಂದು ಗೊತ್ತಿರುತ್ತದೆ, ಒಳಗೆ ಬಿಟ್ಟ ಮಿಶ್ರಣದಲ್ಲಿ ಏನಿದೆ ಎಂಬುದು ಗೊತ್ತಿರುವುದಿಲ್ಲ. ಸಂತೆಬೀದಿಯಲ್ಲಿ ಪರಿಚಯದವರು ಹೆಚ್ಚಿದ್ದವನು ಅಲ್ಲಲ್ಲಿ ನಿಂತು ಮಾತಾಡುತ್ತ ಆಚೆ ತುದಿಗೆ ತಡವಾಗಿ ಬರುವ ಹಾಗೆ, ಲೇಪದೊಂದಿಗೆ ಒಗ್ಗುವ ಆವಿ ತಡವಾಗಿ ಹೊರಬರುತ್ತದೆ, ಒಗ್ಗದ್ದು ಬೇಗ ಬರುತ್ತದೆ. ಹೀಗೆ ಬಂದ ಹೊತ್ತು ನೋಡಿ ಬಂದವರಾರು ಎಂದು ಗುರುತಿಸುವುದು ಕ್ರಮ. ಇದನ್ನು ತಿರುವಿಹಾಕಿದರೆ? ಗೊತ್ತಿಲ್ಲದ ಪಾಲಿಮರನ್ನೇ ಕೊಳವೆಯಲ್ಲಿ ಲೇಪವಾಗಿ ಕೂರಿಸಿ, ಚೆನ್ನಾಗಿ ಗೊತ್ತಿರುವ ಹೆಕ್ಸೇನ್, ಟಾಲ್ವೀನ್, ಅಸಿಟೋನ್ ಆವಿಗಳನ್ನು ಒಂದೊಂದಾಗಿ ಕಳಿಸಿದರೆ, ತಡವಾದ ಹೊತ್ತು ಪಾಲಿಮರಿನ ಗುಣವನ್ನು ಹೇಳಬೇಕಲ್ಲವೇ? ಈ ಯೋಚನೆಯೇ ಇನ್ವರ್ಸ್ ಗ್ಯಾಸ್ ಕ್ರೊಮಟೋಗ್ರಫಿ. ಇದನ್ನು ಪಾಲಿಮರ್ ಅಧ್ಯಯನದ ವಿಧಾನವಾಗಿ ನೆಲೆಗೊಳಿಸಿದ್ದು 1969ರಲ್ಲಿ ಸ್ಮಿಡ್ಸ್‌ರೋಡ್ ಮತ್ತು ಜೇಮ್ಸ್ ಗಿಯೆ ಪ್ರಕಟಿಸಿದ ಪ್ರಬಂಧ. ಗಿಯೆ ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದಲ್ಲಿದ್ದವರು.

ಕೆಲಸ ನಡೆಯುವ ರೀತಿಯನ್ನು ಹತ್ತಿರದಿಂದ ನೋಡೋಣ. ತೂಗಿ ತೆಗೆದ ಪಾಲಿಮರನ್ನು ಒಂದು ದ್ರಾವಕದಲ್ಲಿ ಕರಗಿಸಿ, ಡಯಾಟಮ್ ಮಣ್ಣಿನಿಂದ ಮಾಡಿದ ಜಡವಾದ ಹರಳುಪುಡಿಯ ಜೊತೆ ಕಲಸಿ, ದ್ರಾವಕವನ್ನು ಆರಿಸುತ್ತಾರೆ. ಪುಡಿಯ ಪ್ರತಿ ಕಣದ ಮೇಲೂ ಪಾಲಿಮರಿನ ತೆಳು ಪೊರೆ ಉಳಿಯುತ್ತದೆ. ಈ ಪುಡಿಯನ್ನು ಲೋಹದ ಕೊಳವೆಗೆ ತುಂಬಿ ಓವನ್ನಿನಲ್ಲಿಟ್ಟು, ಹೀಲಿಯಂ ಅಥವಾ ನೈಟ್ರೋಜನ್ ಹಾಯಿಸುತ್ತಾರೆ. ಸಿರಿಂಜಿನಿಂದ ಚುಚ್ಚುವ ದ್ರಾವಕ ಒಂದು ಹನಿಯ ಸಣ್ಣ ಅಂಶವೂ ಅಲ್ಲ. ಎಷ್ಟೋ ವೇಳೆ ಅದರ ಆವಿಯಷ್ಟೇ. ಪಾಲಿಮರಿನಲ್ಲಿ ನಿಲ್ಲದೆ ಸಾಗುವ ಮಿಥೇನನ್ನೂ ಜೊತೆಗೆ ಬಿಟ್ಟರೆ ಅದು ಮೊದಲು ಹೊರಬಂದು, ಬರೀ ಕೊಳವೆ ದಾಟಲು ಬೇಕಾದ ಹೊತ್ತನ್ನು ತಿಳಿಸುತ್ತದೆ. ಲೆಕ್ಕಕ್ಕೆ ಒಂದು ಉದಾಹರಣೆ ಇಟ್ಟುಕೊಳ್ಳೋಣ: ಮಿಥೇನ್ 1 ನಿಮಿಷಕ್ಕೆ ಬಂತು, ದ್ರಾವಕ 6 ನಿಮಿಷಕ್ಕೆ, ಅನಿಲದ ಹರಿವು ನಿಮಿಷಕ್ಕೆ 20 ಮಿಲಿಲೀಟರ್, ಪಾಲಿಮರ್ ಅರ್ಧ ಗ್ರಾಂ. 5 ನಿಮಿಷದ ತಡವೆಂದರೆ 100 ಮಿಲಿಲೀಟರ್ ಅನಿಲ, ಗ್ರಾಮಿಗೆ 200. ಒತ್ತಡ, ಉಷ್ಣತೆಗಳ ತಿದ್ದುಪಡಿ ಸೇರಿಸಿದ ಮೇಲೆ ಈ ಸಂಖ್ಯೆಯಿಂದ ಫ್ಲೋರಿ–ಹಗ್ಗಿನ್ಸ್ ಸಂಖ್ಯೆಗೆ ಹೋಗಲು ನೇರ ಸೂತ್ರವಿದೆ. ಅದರಲ್ಲಿ ದ್ರಾವಕದ ಆವಿಯ ಒತ್ತಡಕ್ಕೂ ಜಾಗವಿದೆ, ಅದು ಇರಲೇಬೇಕು. ಕುದಿಬಿಂದು ಹೆಚ್ಚಿರುವ ದ್ರಾವಕ ಯಾವ ವಿಶೇಷ ನಂಟೂ ಇಲ್ಲದಿದ್ದರೂ ತಡವಾಗಿ ಬರುತ್ತದೆ. 69 ಡಿಗ್ರಿಗೆ ಕುದಿಯುವ ಹೆಕ್ಸೇನ್ ಮತ್ತು 111 ಡಿಗ್ರಿಗೆ ಕುದಿಯುವ ಟಾಲ್ವೀನ್ ಹೊರಬರುವ ಹೊತ್ತನ್ನಷ್ಟೇ ಹೋಲಿಸಿ ತೀರ್ಪು ಕೊಟ್ಟರೆ ಮೋಸಹೋಗುತ್ತೇವೆ.

ಆವಿ ನಿಜಕ್ಕೂ ಪಾಲಿಮರಿನ ಒಳಹೊಕ್ಕು ಬರುತ್ತಿದೆ, ಮೇಲ್ಮೈಗೆ ತಾಕಿ ಹೋಗುತ್ತಿಲ್ಲ ಎಂಬುದಕ್ಕೆ ಏನು ಸಾಕ್ಷಿ? 1969ರ ಆ ಪ್ರಬಂಧದ ನಕ್ಷೆಯೇ ಉತ್ತರ ಕೊಡುತ್ತದೆ. ಸಾಮಾನ್ಯವಾಗಿ ಬಿಸಿ ಏರಿದಂತೆ ಆವಿ ಬೇಗ ಬರಬೇಕು. ಆದರೆ ಬಿರುಸಾದ ಪಾಲಿಮರನ್ನು ಕಾಯಿಸುತ್ತ ಹೋದರೆ ಒಂದು ಹಂತದಲ್ಲಿ ಈ ನಿಯಮ ಉಲ್ಟಾ ಆಗುತ್ತದೆ: ಬಿಸಿ ಏರಿದಷ್ಟೂ ಆವಿ ಹೆಚ್ಚು ತಡಮಾಡುತ್ತದೆ. ಇನ್ನೂ ಕಾಯಿಸಿದರೆ ಮತ್ತೆ ಹಳೆಯ ದಾರಿಗೆ ಬರುತ್ತದೆ. ಕಾರಣ ಇಷ್ಟು: ತಂಪಾಗಿದ್ದಾಗ ಪಾಲಿಮರಿನ ಸರಪಳಿಗಳು ಗಾಜಿನಲ್ಲಿದ್ದಂತೆ ಬಿಗಿದುಕೊಂಡಿರುತ್ತವೆ, ಆವಿ ಮೇಲ್ಮೈಯಲ್ಲೇ ಉಳಿಯುತ್ತದೆ. ಗಾಜುಸ್ಥಿತಿ ಸಡಿಲವಾಗುವ ಉಷ್ಣತೆ ದಾಟಿದೊಡನೆ ಸರಪಳಿಗಳು ಅಲುಗಾಡತೊಡಗಿ, ಇಡೀ ಪೊರೆ ಆವಿಗೆ ತೆರೆದುಕೊಳ್ಳುತ್ತದೆ. ಪಾಲಿಸ್ಟೈರೀನಿಗೆ ಈ ಉಷ್ಣತೆ ಸುಮಾರು 100 ಡಿಗ್ರಿ. ಬರೀ ಮೇಲ್ಮೈಯ ಆಟವಾಗಿದ್ದರೆ ಈ ಬಾಗು ಬರಲು ಕಾರಣವೇ ಇರಲಿಲ್ಲ.

ಈ ವಿಧಾನಕ್ಕೆ ಬರುವ ಮೊದಲ ಆಕ್ಷೇಪ ಗಟ್ಟಿಯಾದದ್ದು. ಕೊಳವೆಯೊಳಗೆ ದ್ರಾವಕದ ಪ್ರಮಾಣ ನಗಣ್ಯ, ಪಾಲಿಮರಿನ ರಾಶಿಯಲ್ಲಿ ಅಲ್ಲೊಂದು ಇಲ್ಲೊಂದು ಅಣು. ಬಣ್ಣದ ಡಬ್ಬಿಯಲ್ಲೋ ಪೆಟ್ರೋಲ್ ಟ್ಯಾಂಕಿನಲ್ಲೋ ದ್ರಾವಕವೇ ಹೆಚ್ಚು. ಫ್ಲೋರಿ–ಹಗ್ಗಿನ್ಸ್ ಸಂಖ್ಯೆ ಪ್ರಮಾಣದೊಂದಿಗೆ ಬದಲಾಗುತ್ತದೆ ಎಂಬುದೂ ನಿಜ. ಹಾಗಿದ್ದರೆ ಈ ಅಳತೆ ಯಾರಿಗೆ ಬೇಕು? ಉತ್ತರಕ್ಕೆ ಒಂದು ಘಟನೆಯನ್ನು ನೆನೆಯಬೇಕು. 1974ರಲ್ಲಿ ಅಮೆರಿಕದ ಕೆಂಟಕಿ ರಾಜ್ಯದ ಲೂಯಿವಿಲ್‌ನ ಪಿವಿಸಿ ಕಾರ್ಖಾನೆಯ ಕೆಲಸಗಾರರಲ್ಲಿ ಅಪರೂಪದ ಯಕೃತ್ತಿನ ಕ್ಯಾನ್ಸರ್ ಪತ್ತೆಯಾಯಿತು. ಕಾರಣ, ಪಿವಿಸಿ ತಯಾರಾಗುವ ವಿನೈಲ್ ಕ್ಲೋರೈಡ್ ಅನಿಲ. ಪಾಲಿಮರ್ ಆದ ಮೇಲೂ ಅದರೊಳಗೆ ಈ ಅನಿಲದ ಕಿಂಚಿತ್ತು ಉಳಿದಿರುತ್ತದೆ. ಆಹಾರ ತಾಗುವ ಪಿವಿಸಿಯಲ್ಲಿ ಅದು ಕಿಲೋಗ್ರಾಮಿಗೆ 1 ಮಿಲಿಗ್ರಾಂ ಮೀರಬಾರದೆಂದು ಯುರೋಪಿನ ದೇಶಗಳು 1978ರಲ್ಲಿ ಕಟ್ಟಳೆ ಮಾಡಿದವು. ಹತ್ತು ಲಕ್ಷದಲ್ಲಿ ಒಂದು ಪಾಲು! ಆ ಒಂದು ಪಾಲನ್ನು ಪಾಲಿಮರ್ ಎಷ್ಟು ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಎಷ್ಟು ಬಿಸಿಗೆ ಬಿಟ್ಟುಕೊಡುತ್ತದೆ ಎಂದು ತಿಳಿಯಲು ದ್ರಾವಕದಲ್ಲಿ ಅದ್ದಿಟ್ಟ ಪಾಲಿಮರಿನ ಅಳತೆ ಪ್ರಯೋಜನಕ್ಕೆ ಬಾರದು, ಕೊಳವೆಯ ಅಳತೆಯೇ ಬೇಕು. ವಿನೈಲ್ ಕ್ಲೋರೈಡ್ ಮತ್ತು ಪಿವಿಸಿಯ ನಂಟನ್ನು ಈ ವಿಧಾನದಿಂದ ಅಳೆದದ್ದೂ ಉಂಟು. ವಾರ್ನಿಶ್‌ನಲ್ಲಿ ಉಳಿದ ವಾಸನೆ, ಪೊಟ್ಟಣಕ್ಕಿಳಿದ ಲಿಮೊನೀನ್ ಇವೂ ಇದೇ ಜಾತಿಯ ಪ್ರಶ್ನೆಗಳು. ಇನ್ನೊಂದು ಲಾಭವೂ ಇದೆ. ದ್ರಾವಕ ಹೆಚ್ಚಾದರೆ ಪಾಲಿಮರ್ ಮೆತ್ತಗಾಗಿ ಬೇರೆಯದೇ ವಸ್ತುವಾಗುತ್ತದೆ. ಕಿಂಚಿತ್ತಿನಿಂದ ಅಳೆದರೆ ಪಾಲಿಮರ್ ಇದ್ದ ಹಾಗೆಯೇ ಉತ್ತರ ಹೇಳುತ್ತದೆ.

ಎರಡನೆಯ ಆಕ್ಷೇಪ ಪ್ರಾಮಾಣಿಕತೆಯದು. ತಡವಾದದ್ದು ಹರಳುಪುಡಿಗೆ ಅಂಟಿಕೊಂಡಿದ್ದಕ್ಕೋ, ಪೊರೆಯೊಳಗೆ ಆವಿ ಸಮತೋಲಕ್ಕೆ ಬರುವ ಮುನ್ನವೇ ಅನಿಲ ತಳ್ಳಿಕೊಂಡು ಹೋಯಿತೋ ಎಂಬ ಅನುಮಾನ ನ್ಯಾಯವಾದದ್ದೇ. ಆದರೆ ಈ ಅನುಮಾನಗಳನ್ನು ಅದೇ ಉಪಕರಣದಲ್ಲಿ ಒರೆಗೆ ಹಚ್ಚಬಹುದು. ಚುಚ್ಚುವ ಪ್ರಮಾಣವನ್ನು ಅರ್ಧಕ್ಕೆ ಇಳಿಸಿದರೂ ಹೊತ್ತು ಬದಲಾಗದಿದ್ದರೆ ದ್ರಾವಕ ಸಾಕಷ್ಟು ಕಡಿಮೆಯಿದೆ ಎಂದರ್ಥ. ಹರಿವನ್ನು ಬೇರೆ ಬೇರೆ ವೇಗಕ್ಕೆ ಇಟ್ಟು, ಬಂದ ಬೆಲೆಗಳನ್ನು ಶೂನ್ಯ ವೇಗದವರೆಗೆ ಗೆರೆ ಎಳೆದು ಓದಿದರೆ ಸಮತೋಲದ ಬೆಲೆ ಸಿಗುತ್ತದೆ. ಪಾಲಿಮರ್ ಲೇಪವಿಲ್ಲದ ಬರಿಯ ಪುಡಿಯ ಕೊಳವೆಯನ್ನು ಓಡಿಸಿದರೆ ಪುಡಿಯ ಪಾಲು ಗೊತ್ತಾಗುತ್ತದೆ. ಇಷ್ಟು ತಪಾಸಣೆಯಿಲ್ಲದೆ ಪ್ರಕಟಿಸಿದ ಸಂಖ್ಯೆಯನ್ನು ನಂಬಬೇಕಾಗಿಲ್ಲ. ಆದರೆ ಅದು ಅಳೆದವರ ಸೋಮಾರಿತನ, ವಿಧಾನದ ತಪ್ಪಲ್ಲ.

ಮೂರನೆಯ ಆಕ್ಷೇಪವನ್ನು ಒಪ್ಪಿಕೊಳ್ಳಲೇಬೇಕು: ಮಿಶ್ರಣಗಳ ವಿಷಯದಲ್ಲಿ ಈ ಸಂಖ್ಯೆಗಳು ದಾರಿ ತಪ್ಪಿಸಬಹುದು. ಶೇಕಡ 20 ಎಥನಾಲ್ ಬೆರೆಸಿದ ಇ20 ಪೆಟ್ರೋಲಿಗೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಸಿಕ್ಕಿತು. ಅಂದಿನಿಂದ ಹಳೆಯ ವಾಹನಗಳ ರಬ್ಬರ್ ಪೈಪು, ಸೀಲುಗಳ ಗತಿಯೇನೆಂಬ ಚರ್ಚೆ ನಡೆದೇ ಇದೆ. ಕೆಲವು ರಬ್ಬರುಗಳು ಬರೀ ಪೆಟ್ರೋಲಿನಲ್ಲೋ ಬರೀ ಎಥನಾಲಿನಲ್ಲೋ ಉಬ್ಬುವುದಕ್ಕಿಂತ ಅವೆರಡರ ಮಿಶ್ರಣದಲ್ಲಿ ಹೆಚ್ಚು ಉಬ್ಬುತ್ತವೆ. ಎಥನಾಲನ್ನೂ ಪೆಟ್ರೋಲಿನ ಒಂದೊಂದು ಘಟಕವನ್ನೂ ಬಿಡಿಬಿಡಿಯಾಗಿ ಕೊಳವೆಗೆ ಕಳಿಸಿ ಬಂದ ಸಂಖ್ಯೆಗಳ ಸರಾಸರಿ ಹಿಡಿದರೆ ಇದು ತಿಳಿಯುವುದಿಲ್ಲ. ಸಾಗುವ ಅನಿಲದಲ್ಲೇ ದ್ರಾವಕದ ಆವಿ ಬೆರೆಸಿ ಹೆಚ್ಚಿನ ಪ್ರಮಾಣದಲ್ಲಿ ಅಳೆಯುವ ಕ್ರಮಗಳಿವೆ, ಆದರೆ ಅಲ್ಲಿಗೆ ಹೋದಂತೆ ವಿಧಾನದ ಸರಳತೆ ಕಳೆದುಹೋಗುತ್ತದೆ. ಇಂಥ ಕಡೆ ಪೈಪಿನ ತುಂಡನ್ನು ಅದೇ ಇಂಧನದಲ್ಲಿ ಮುಳುಗಿಸಿಟ್ಟು ತೂಕ, ಗಾತ್ರ, ಬಲಗಳನ್ನು ನೋಡುವ ಹಳೆಯ ಪರೀಕ್ಷೆಗೆ ಬದಲಿಯಿಲ್ಲ.

ಹಾಗಾದರೆ ಎರಡೂ ಪರೀಕ್ಷೆಗಳ ನಡುವೆ ಕೆಲಸ ಹಂಚಿಕೆಯಾಗಬೇಕು. ಹೊಸ ಪೊಟ್ಟಣಕ್ಕೆ, ಹೊಸ ಪೈಪಿಗೆ ಪಾಲಿಮರ್ ಆರಿಸುವಾಗ ಎದುರಿಗಿರುವ ಆಯ್ಕೆಗಳು ಹಲವು, ಪ್ರತಿಯೊಂದನ್ನೂ ತಿಂಗಳುಗಟ್ಟಲೆ ಮುಳುಗಿಸಿಡಲು ಯಾರಿಗೂ ಪುರುಸೊತ್ತಿಲ್ಲ. ಒಂದು ಕೊಳವೆ ಸಿದ್ಧವಾದರೆ ಹತ್ತಾರು ದ್ರಾವಕಗಳನ್ನು ಒಂದರ ಹಿಂದೊಂದು ಓಡಿಸಿ, ಒಗ್ಗುವವು ಯಾವುವು, ಒಗ್ಗದವು ಯಾವುವು ಎಂದು ಮೊದಲ ಜರಡಿ ಹಿಡಿಯಬಹುದು. ಅದಕ್ಕೆ ಬೇಕಾದ ಮೂಲ ಉಪಕರಣ ಔಷಧ, ಆಹಾರ, ಪೆಟ್ರೋಲಿಯಂ ಪ್ರಯೋಗಾಲಯಗಳಲ್ಲಿ ಬೇರೆ ಕೆಲಸಕ್ಕಾಗಿ ಈಗಾಗಲೇ ಇದೆ. ಜರಡಿಯಲ್ಲಿ ಉಳಿದ ಎರಡು ಮೂರನ್ನು ಮುಳುಗಿಸಿ ನೋಡಲಿ. ಪಾಲಿಮರಿನಲ್ಲಿ ಉಳಿದ ಕಿಂಚಿತ್ತೇ ಸಮಸ್ಯೆಯಾಗಿರುವ ಕಡೆಯಂತೂ ಕಿಂಚಿತ್ತನ್ನೇ ಬಳಸಿ ಅಳೆಯುವ ಈ ವಿಧಾನವನ್ನು ಜರಡಿಗಷ್ಟೇ ಅಲ್ಲ, ಕೊನೆಯ ತೀರ್ಪಿಗೂ ಆಧಾರವಾಗಿ ಹಿಡಿಯಬಹುದು.