ಒಂದು ಕೊಂಡರೆ ಮೂರು ಪುಕ್ಕಟೆ!

ಪುಕ್ಕಟೆ ಸಿಗುತ್ತೆ ಅಂದ್ರೆ ಯಾರಿಗೆ ಬೇಡ ಹೇಳಿ? ಆದ್ರೆ ಕೊಡೋನಿಗೇ ಗೊತ್ತಿಲ್ಲದೆ ಕೊಟ್ಟಿದ್ದನ್ನ ಪುಕ್ಕಟೆ ಅನ್ನಬಹುದಾ? ಕಳೆದ ವಾರಾಂತ್ಯ ಇಲ್ಲಿ ನ್ಯೂಜೆರ್ಸಿಯ ಗೆಳೆಯನ ಮನೇಲಿ, ಬಿಸಿಬೇಳೆಬಾತ್ ಮುಂದಿಟ್ಟುಕೊಂಡು ಏಳೆಂಟು ಜನ ಸೇರಿ ಇದೇ ವಿಷಯಕ್ಕೆ ಎರಡು ಗಂಟೆ ಜಗಳ ಆಡಿದ್ವಿ.

ಆಗಿದ್ದಿಷ್ಟು. ಗೆಳೆಯ ಆನ್‌ಲೈನ್ ಅಂಗಡಿಯೊಂದರಿಂದ ಒಂದು ಹಾರ್ಡ್ ಡಿಸ್ಕ್ ತರಿಸಿದ್ದ. ಡಬ್ಬಿ ಒಡೆದು ನೋಡಿದ್ರೆ ಒಳಗೆ ನಾಲ್ಕು! ಬಿಲ್ಲಿನಲ್ಲಿ ಮಾತ್ರ ಒಂದೇ. ಅವನ ಪ್ರಾಜೆಕ್ಟ್ ಮುಗಿದು ಮೂರು ವಾರ ಆಗಿತ್ತು, ಹೊಸ ಕೆಲಸ ಇನ್ನೂ ಸಿಕ್ಕಿರಲಿಲ್ಲ. ಉಳಿದ ಮೂರನ್ನ ಮಾರಿದ್ರೆ ಒಂದು ತಿಂಗಳ ದಿನಸಿ ಖರ್ಚು ಕಳೆಯುತ್ತೆ. ಹಾಗಾಗಿ "ಏನ್ಮಾಡ್ಲಿ?" ಅಂತ ಅವನು ಕೇಳಿದ್ದು ತಮಾಷೆಗಲ್ಲ.

ಮೊದಲು ಬಂದಿದ್ದು ಕಾನೂನಿನ ಮಾತು. "ಅಮೆರಿಕದಲ್ಲಿ ಕೇಳದೇ ಬಂದ ಸಾಮಾನನ್ನ ಉಡುಗೊರೆ ಅಂತ ಇಟ್ಕೋಬಹುದು ಕಣೋ" ಅಂದ ಒಬ್ಬ. ನಿಜ, 1970ರ ಪೋಸ್ಟಲ್ ರೀಆರ್ಗನೈಸೇಶನ್ ಆಕ್ಟ್ ಜೊತೆ ಬಂದ ಕಾನೂನು ಹಾಗೆ ಹೇಳುತ್ತೆ. ಆದ್ರೆ ಅದು ಯಾಕೆ ಬಂತು ಅಂತಾನೂ ನೋಡ್ಬೇಕಲ್ವಾ? ಕೆಲವು ಕಂಪನಿಗಳು ಯಾರೂ ಕೇಳದಿದ್ರೂ ಜನರ ಮನೆಗೆ ಸಾಮಾನು ಕಳಿಸಿ, ಆಮೇಲೆ "ದುಡ್ಡು ಕೊಡಿ" ಅಂತ ಪೀಡಿಸ್ತಿದ್ವು. ಅಂಥ ಮೋಸದಿಂದ ಗ್ರಾಹಕನನ್ನ ಕಾಪಾಡೋಕೆ ಮಾಡಿದ ಕಾನೂನು ಅದು. ಪ್ರಾಮಾಣಿಕವಾಗಿ ಎಡವಿದವನ ಜೇಬಿಗೆ ಕೈ ಹಾಕೋಕಲ್ಲ. ಅಂಗಡಿಯವರು ಗೊತ್ತಿಲ್ಲದೆ ಕಳಿಸಿದ್ರೆ ಅವರಿಗೆ ತಿಳಿಸಿ, ಅವರದೇ ಖರ್ಚಿನಲ್ಲಿ ವಾಪಸ್ ತಗೊಳ್ಳೋಕೆ ಒಂದಿಷ್ಟು ದಿನ ಅವಕಾಶ ಕೊಡಿ ಅಂತ ಇಲ್ಲಿನ ಫೆಡರಲ್ ಟ್ರೇಡ್ ಕಮಿಷನ್ನೇ ಹಿಂದೆ ಗ್ರಾಹಕರಿಗೆ ಸಲಹೆ ಕೊಟ್ಟಿತ್ತು.

ಬೇರೆ ಕಡೆ ಕಾನೂನು ಇನ್ನೂ ನೇರ. ಇಂಗ್ಲೆಂಡಿನ 1968ರ ಥೆಫ್ಟ್ ಆಕ್ಟ್ ಪ್ರಕಾರ, ಇನ್ನೊಬ್ಬರ ತಪ್ಪಿನಿಂದ ಬಂದಿದ್ದನ್ನ ಹಿಂತಿರುಗಿಸೋ ಹೊಣೆ ಇದ್ದೂ ಅಪ್ರಾಮಾಣಿಕವಾಗಿ ಇಟ್ಕೊಂಡ್ರೆ ಅದು ಕಳ್ಳತನವೂ ಆಗಬಹುದು. ನಮ್ಮ ಭಾರತದ ಒಪ್ಪಂದ ಕಾಯ್ದೆ 1872ರಷ್ಟು ಹಳೇದು. ಅದರ 72ನೇ ಸೆಕ್ಷನ್ ಹೇಳೋದು ಇಷ್ಟೇ: ತಪ್ಪಿನಿಂದ ಹಣವಾಗಲಿ ವಸ್ತುವಾಗಲಿ ಕೈಗೆ ಬಂದ್ರೆ ವಾಪಸ್ ಕೊಡಬೇಕು. ಅಲ್ಲೇ ಒಂದು ಉದಾಹರಣೆನೂ ಇದೆ. ಇಬ್ಬರು ಸೇರಿ ಒಬ್ಬನಿಗೆ ನೂರು ರೂಪಾಯಿ ಸಾಲ ತೀರಿಸಬೇಕಿದೆ. ಮೊದಲನೆಯವನು ಪೂರ್ತಿ ತೀರಿಸ್ತಾನೆ. ಅದು ಗೊತ್ತಿಲ್ಲದೆ ಎರಡನೆಯವನೂ ನೂರು ಕೊಡ್ತಾನೆ. ಸಾಲ ಕೊಟ್ಟವನು ಆ ಎರಡನೇ ನೂರನ್ನ ಹಿಂತಿರುಗಿಸಲೇಬೇಕು.

ಇಷ್ಟಾದ ಮೇಲೂ ಇನ್ನೊಬ್ಬನ ವಾದ, "ಅಷ್ಟು ದೊಡ್ಡ ಕಂಪನಿಗೆ ಮೂರು ಡಿಸ್ಕು ಯಾವ ಲೆಕ್ಕ?" ಹೌದು, ಕಂಪನಿ ಮುಳುಗೋಲ್ಲ. ಆದ್ರೆ ಗೋದಾಮಿನಲ್ಲಿ ಏನಾಗುತ್ತೆ ಯೋಚಿಸಿ. ಬಿಡಿ ಡಿಸ್ಕ್ ತೆಗೆಯೋ ಬದಲು ಯಾರೋ ನಾಲ್ಕರ ರಟ್ಟಿನ ಪೆಟ್ಟಿಗೆಯನ್ನೇ ಎತ್ತಿ ಕಳಿಸಿರ್ತಾರೆ. ಕಂಪ್ಯೂಟರ್ ಮಾತ್ರ ಒಂದೇ ಕಳೆದಿರುತ್ತೆ. ಅದರ ಪ್ರಕಾರ ಇನ್ನೂ ಮೂರು ಕಪಾಟಿನಲ್ಲಿದೆ, ನಿಜವಾಗಿ ಇಲ್ಲ. ಅದನ್ನ ನಂಬಿ ಆರ್ಡರ್ ಮಾಡಿದ ಮುಂದಿನವನಿಗೆ "ಕ್ಷಮಿಸಿ, ಸ್ಟಾಕ್ ಇಲ್ಲ" ಅಂತ ಮೇಲ್ ಹೋಗುತ್ತೆ. ಹೀಗೆ ಕಾಣೆಯಾದ ಸಾಮಾನಿನ ನಷ್ಟ ಕೊನೆಗೆ ನಾವೆಲ್ಲ ಕೊಡೋ ಬೆಲೆಯಲ್ಲೇ ಸೇರಿಕೊಳ್ಳುತ್ತೆ. ನಮ್ಮಂಥ ಸಾಫ್ಟ್‌ವೇರ್ ಮಂದಿಗೆ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ. ಯಾರೂ ರಿಪೋರ್ಟ್ ಮಾಡದ ಬಗ್ಗು ಫಿಕ್ಸ್ ಆಗೋಲ್ಲ :-)

ಅಂಗಡಿ ಕೌಂಟರಿನಲ್ಲಾದ್ರೆ ಇನ್ನೂ ಕಷ್ಟ. ಇಲ್ಲಿನ ಫೆಡರಲ್ ಕಾನೂನಿನ ಪ್ರಕಾರ, ಸಂಬಳ ಕನಿಷ್ಠ ವೇತನಕ್ಕಿಂತ ಕೆಳಗಿಳಿಯದಿದ್ರೆ ಸಾಕು, ಗಲ್ಲಾದಲ್ಲಿ ಕಮ್ಮಿಯಾದ ದುಡ್ಡನ್ನ ಕ್ಯಾಷಿಯರ್ ಸಂಬಳದಿಂದ ಹಿಡಿಯಬಹುದು. ಕೆಲವು ರಾಜ್ಯಗಳು ಮಾತ್ರ ಇದನ್ನ ಬಿಡೋಲ್ಲ. ಊರಿನ ದಿನಸಿ ಅಂಗಡೀಲಿ ಚಿಲ್ಲರೆ ಜಾಸ್ತಿ ಬಂದ್ರೆ ನಾವು "ತಗೊಳ್ಳಿ ಶೆಟ್ರೇ" ಅಂತ ವಾಪಸ್ ಕೊಡ್ತೀವಿ, ಯಾಕಂದ್ರೆ ಎದುರಿಗೆ ಶೆಟ್ರ ಮುಖ ಕಾಣುತ್ತೆ. ಇಲ್ಲಿ ಮುಖ ಕಾಣೋಲ್ಲ, ಅಷ್ಟೇ ವ್ಯತ್ಯಾಸ. ಮುಖ ಇಲ್ಲ ಅಂತೇನಲ್ಲ.

"ಸರಿ, ತಪ್ಪು ಅವರದು, ವಾಪಸ್ ಕಳಿಸೋ ತಲೆನೋವು ನಂಗ್ಯಾಕೆ?" ಇದು ಮಾತ್ರ ನ್ಯಾಯವಾದ ಪ್ರಶ್ನೆ. ಕೈಯಿಂದ ಪೋಸ್ಟೇಜ್ ಹಾಕಿ, ರಜೆ ತಗೊಂಡು ಪೋಸ್ಟ್ ಆಫೀಸಿನ ಕ್ಯೂನಲ್ಲಿ ನಿಲ್ಲು ಅಂತ ಯಾವ ಧರ್ಮವೂ ಹೇಳೋಲ್ಲ. ನನ್ನ ಪ್ರಕಾರ ನಮ್ಮ ಹೊಣೆ ಒಂದೇ, ಅವರಿಗೆ ಹೇಳೋದು. ವಾಪಸ್ ತಗೊಳ್ಳೋದು, ಬಿಡೋದು ಅವರಿಷ್ಟ. "ಇಟ್ಕೊಳ್ಳಿ ಪರವಾಗಿಲ್ಲ" ಅಂತ ಅವರೇ ಅಂದ್ರೆ ಆವಾಗ ಅದು ನಿಜವಾದ ಉಡುಗೊರೆ. ಅಲ್ಲಿವರೆಗೂ ಅದು ನಮ್ಮ ಮನೇಲಿರೋ ಅವರ ಸಾಮಾನು.

ಗೆಳೆಯ ಅವತ್ತೇ ಮೇಲ್ ಬರೆದ. ಎರಡು ದಿನಕ್ಕೆ ಪೋಸ್ಟೇಜ್ ತುಂಬಿದ ಲೇಬಲ್ ಬಂತು, ಮೂರೂ ವಾಪಸ್ ಹೋದವು. "ಕಳಕೊಂಡಿದ್ದು ಒಂದು ತಿಂಗಳ ದಿನಸಿ" ಅಂತ ನಕ್ಕ. ಅವನ ಪರಿಸ್ಥಿತೀಲಿ ಹಾಗೆ ನಗೋದು ಸುಲಭ ಅಲ್ಲ ಅಂತ ನಂಗೊತ್ತು. ಹೊತ್ತಿನ ಊಟಕ್ಕೂ ತತ್ವಾರ ಇರೋನು ಬೇರೆ ದಾರಿ ಹಿಡಿದ್ರೆ ಅವನನ್ನ ಜರಿಯೋ ಧೈರ್ಯ ನನಗಿಲ್ಲ. ಆದ್ರೆ ಅವತ್ತು ಇಟ್ಕೋ ಅಂತ ಜೋರಾಗಿ ವಾದಿಸಿದವರಲ್ಲಿ ಅಂಥವರು ಯಾರೂ ಇರಲಿಲ್ಲ.

ಯಾರಿಗಾದ್ರೂ ಇನ್ನೂ ಗೊಂದಲ ಇದ್ರೆ ಒಂದು ಸುಲಭದ ಪರೀಕ್ಷೆ ಇದೆ. ನಾಲ್ಕಕ್ಕೆ ದುಡ್ಡು ಕೊಟ್ಟು ಮನೆಗೆ ಒಂದೇ ಬಂದಿದ್ರೆ ಎಷ್ಟು ಹೊತ್ತಿಗೆ ಫೋನ್ ಮಾಡ್ತಿದ್ವಿ? ಐದು ನಿಮಿಷ? ಹತ್ತು? ಅಂಗಡಿಯವನಿಗೂ ಅಷ್ಟೇ ಬೇಗ ಹೇಳಿದ್ರೆ ಲೆಕ್ಕ ಚುಕ್ತಾ.