ಸೈಕಲ್ಲಿನ ಶ್ಯಾನುಭೋಗ

ತಗಡೂರಿನಿಂದ ನಂಜನಗೂಡಿಗೆ ಸೈಕಲ್ಲು ತುಳಿದು ಬಂದವನು ಹಿಂದೆ ಎಷ್ಟು ಹೊತ್ತು ಹಿಡಿಯಿತೆಂದು ಹೇಳುತ್ತಿದ್ದನೇ ಹೊರತು ದಾರಿಯ ಲೆಕ್ಕವನ್ನು ಒಪ್ಪಿಸುತ್ತಿರಲಿಲ್ಲ. ಇಂದು ಹ್ಯಾಂಡಲಿಗೆ ಕೂರಿಸಿದ ಪುಟ್ಟ ಜಿಪಿಎಸ್ ಯಂತ್ರವು ಆ ಕೆಲಸವನ್ನು ಮಾಡುತ್ತದೆ. ಪಂದ್ಯಕ್ಕಾಗಿ ಅಭ್ಯಾಸ ಮಾಡುವವನಿಗೆ ಅದು ಶ್ಯಾನುಭೋಗನಿದ್ದಂತೆ. ಎಲ್ಲಿ ಏರಿದ, ಎಲ್ಲಿ ಬಳಲಿದ ಎಂಬುದನ್ನೆಲ್ಲ ಬರೆದಿಡುತ್ತದೆ.

ಈ ಶ್ಯಾನುಭೋಗನಿಗೆ ವರ್ತಮಾನ ಬರುವುದು ಆಕಾಶದಿಂದ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳು ತಮ್ಮ ಪರಮಾಣು ಗಡಿಯಾರದ ವೇಳೆಯನ್ನು ಸಾರುತ್ತಿರುತ್ತವೆ. ಆ ಸಂಕೇತವು ತಲುಪಲು ಹಿಡಿದ ಕಾಲದಿಂದ ಯಂತ್ರವು ದೂರವನ್ನು ಗುಣಿಸಿಕೊಳ್ಳುತ್ತದೆ. ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲು ತಪ್ಪಿದರೂ 300 ಮೀಟರ್ ತಪ್ಪಿದಂತೆಯೇ! ಯಂತ್ರದೊಳಗಿನ ಅಗ್ಗದ ಗಡಿಯಾರವನ್ನು ತಿದ್ದುವುದಕ್ಕೆಂದೇ ನಾಲ್ಕನೆಯ ಉಪಗ್ರಹವೊಂದು ಬೇಕು. 2000ನೆಯ ಇಸವಿಯ ಮೇ ತಿಂಗಳ ಆರಂಭದವರೆಗೆ ಅಮೆರಿಕ ಸರ್ಕಾರವು ಜನಸಾಮಾನ್ಯರ ಸಂಕೇತವನ್ನು ಬೇಕೆಂದೇ ಮಸುಕುಗೊಳಿಸಿತ್ತು. ಆ ಮಸುಕು ಸರಿದ ಮೇಲೆ ಸವಾರನಿಗೆ ಅದು ನೆಚ್ಚಿನ ಸಾಧನವಾಯಿತು.

ಎತ್ತರದ ವಿಷಯದಲ್ಲಿ ಮಾತ್ರ ಉಪಗ್ರಹದ ಸಾಕ್ಷ್ಯ ದುರ್ಬಲ. ಆದುದರಿಂದ ಅನೇಕ ಯಂತ್ರಗಳು ಗಾಳಿಯ ಒತ್ತಡವನ್ನಳೆದು ಏರಿಳಿತವನ್ನು ತಿಳಿಯುತ್ತವೆ. ಎದೆಗೆ ಬಿಗಿದ ಪಟ್ಟಿಯು ಹೃದಯದ ಬಡಿತವನ್ನೂ, ಪೆಡಲಿನ ಮಾಪಕವು ತುಳಿತದ ಶಕ್ತಿಯನ್ನು ವ್ಯಾಟುಗಳಲ್ಲೂ ತಿಳಿಸುತ್ತವೆ.

ಇವೆಲ್ಲ ಏಕೆ, ವೇಗವೊಂದು ಸಾಲದೆ? ಸಾಲದು. ಬಯಲಿನಲ್ಲಿ ಎದುರುಗಾಳಿ ಬೀಸಿದರೆ ವೇಗ ಕುಗ್ಗುತ್ತದೆ, ಶ್ರಮ ಕುಗ್ಗುವುದಿಲ್ಲ. ಅಷ್ಟೇ ವ್ಯಾಟಿಗೆ ವಾರದಿಂದ ವಾರಕ್ಕೆ ಬಡಿತವು ಇಳಿಯುತ್ತ ಬಂದರೆ ದೇಹ ಪಳಗುತ್ತಿದೆಯೆಂದು ಅರ್ಥ. ಏರಿದರೆ? ಬಿಸಿಲೋ, ನಿದ್ದೆಗೇಡೋ, ಬರಲಿರುವ ಜ್ವರವೋ, ಮಿತಿಮೀರಿದ ಅಭ್ಯಾಸವೋ ಇರಬಹುದು. ಅಂದು ಹಟ ಹಿಡಿದು ತುಳಿಯುವವನು ತನ್ನ ಆರೋಗ್ಯವನ್ನೇ ಪಣವೊಡ್ಡುತ್ತಾನೆ.

ಬರೆದಿಟ್ಟ ಲೆಕ್ಕವನ್ನು ಊರಿಗೆಲ್ಲ ಸಾರುವುದೂ ವಿವೇಕವಲ್ಲ. ಸ್ಟ್ರಾವಾ ಸಂಸ್ಥೆ ಪ್ರಕಟಿಸಿದ ಸವಾರರ, ಓಟಗಾರರ ಜಾಡುಗಳ ನಕ್ಷೆಯಲ್ಲಿ ಸೇನಾ ನೆಲೆಗಳೇ ಬಯಲಾದುದು 2018ರ ಜನವರಿಯಲ್ಲಿ ಲೋಕಕ್ಕೆ ತಿಳಿಯಿತು. ಪ್ರತಿದಿನದ ಜಾಡು ಆರಂಭವಾಗುವುದು ನಮ್ಮ ಮನೆಯ ಬಾಗಿಲಿನಿಂದಲ್ಲವೆ?

ಇನ್ನು ಬೆಲೆಯ ಮಾತು. ಸೈಕಲ್ ಪಟುಗಳ ತವರಾದ ವಿಜಯಪುರ, ಬಾಗಲಕೋಟೆಗಳಲ್ಲಾಗಲಿ, ತಗಡೂರಿನಲ್ಲಾಗಲಿ, ಸಾವಿರಾರು ರೂಪಾಯಿಯ ಯಂತ್ರವು ಎಲ್ಲ ಮನೆಗಳಿಗೂ ಎಟುಕದು. ಎಟುಕದ ತರುಣ ಕೈಚೆಲ್ಲಬೇಕಾಗಿಲ್ಲ. ಕಿಲೋಮೀಟರ್ ಕಲ್ಲು, ಕೈಗಡಿಯಾರ, ಬೆಳಗ್ಗೆ ಏಳುವ ಮುನ್ನ ನಾಡಿಯ ಮೇಲೆ ಎರಡು ಬೆರಳು, ಒಂದು ನೋಟುಬುಕ್ಕು—ಇಷ್ಟರಿಂದಲೇ ಅರ್ಧ ವಿದ್ಯೆ ಕೈವಶವಾಗುತ್ತದೆ. ತಗಡೂರು ರಾಮಚಂದ್ರರಾಯರ ಖಾದಿ ಕಾರ್ಯವನ್ನು ಕಂಡ ಊರಿಗೆ, ಅಂದಿನ ದುಡಿಮೆಯನ್ನು ಅಂದೇ ಎಣಿಸಿಡುವ ಶಿಸ್ತನ್ನು ಹೊಸದಾಗಿ ಕಲಿಸಬೇಕೆ?